ಒಂದೇ ಎಳೆತಕ್ಕೆ ಬಿಚ್ಚುವ ಕೊಂಡಿ

ನನ್ನ ಗಂಡ ತೀರಿಕೊಂಡ ಸುದ್ದಿ ತಂದ ಮನುಷ್ಯ ಮೊದಲು ಹೇಳಿದ್ದು ಕುದುರೆಯ ವಿಷಯ.

"ಕುದ್ರೆಗೆ ಏನೂ ಆಗಿಲ್ಲ ತಾಯಿ, ಇಡ್ಕೊಂಡ್ ಬಂದಿವ್ನಿ," ಅಂದ.

ತೊಪ್ಪೂರು ಘಾಟಿಯ ಕೆಳಗೆ ಹೊಲ ಮಾಡಿಕೊಂಡಿದ್ದ ರೈತ ಅವನು. ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ ಆಡುವವನು. ಅವನ ಹಿಂದೆ ಬೀದಿಯಲ್ಲಿ ನಮ್ಮ ಕಂದು ತಟ್ಟುಕುದುರೆ ಬರಿ ಬೆನ್ನಲ್ಲಿ ನಿಂತಿತ್ತು. ಅದರ ಹಿಂದೆ ಎತ್ತಿನ ಗಾಡಿ ಬರುತ್ತಿತ್ತು. ಗಾಡಿಯಲ್ಲಿ ನಮ್ಮನೆಯವರಿದ್ದರು.

ಮೇಟೂರು ಅಣೆಕಟ್ಟು ಕಟ್ಟಿ ಮುಗಿದ ಹೊಸತು ಅದು. ಸೇಲಂನಲ್ಲಿ ನಮ್ಮದು ನೇಯುವ ಬೀದಿ. ಆ ಬೀದಿಯಲ್ಲಿ ಓದಿ ಸರ್ಕಾರದ ಕೆಲಸಕ್ಕೆ ಹೋದವರು ನಮ್ಮನೆಯವರು ಒಬ್ಬರೇ. ಸಿಡುಬು ಬಾರದಿರಲಿ ಎಂದು ಹಳ್ಳಿಹಳ್ಳಿಯ ಮಕ್ಕಳ ತೋಳಿಗೆ ಚುಚ್ಚುವ ಕೆಲಸ. ತೊಪ್ಪೂರಿನಿಂದ ಪಾಪಿರೆಡ್ಡಿಪಟ್ಟಿಯ ಕಡೆಗೆ ಅವರ ಸುತ್ತು. ಬಸ್ಸು ಹೋಗದ ಊರುಗಳೇ ಹೆಚ್ಚು, ಅದಕ್ಕೆ ಆ ತಟ್ಟು. ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಹಾಗಾಗಿ ಅವರು ಇಲ್ಲದಿರುವುದು ನನಗೆ ಅಭ್ಯಾಸವಾಗಿತ್ತು. ಸತ್ತ ಮೇಲೂ ಬಹಳ ದಿನ ಸುತ್ತಿಗೆ ಹೋಗಿದ್ದಾರೆ ಎಂದೇ ನನ್ನ ಮೈ ತಿಳಿದುಕೊಂಡಿತ್ತು ಅನ್ನಿಸುತ್ತದೆ.

ರೈತ ಬಾಗಿಲಲ್ಲಿ ನಿಂತೇ ನಡೆದದ್ದನ್ನು ಹೇಳಿದ. ಘಾಟಿ ಇಳಿಯುವಾಗ ಹಿಂದಿನಿಂದ ಬಂದ ಲಾರಿ ಹಾರನ್ ಹೊಡೆಯಿತು. ತಟ್ಟು ಬೆದರಿ ಎಗರಿತು. ಅವರು ಬಿದ್ದರು, ಆದರೆ ಒಂದು ಕಾಲು ರಿಕಾಪಿನಲ್ಲೇ ಉಳಿಯಿತು. ಜೀನಿನಿಂದ ಇಳಿಬಿದ್ದ, ಸವಾರ ಪಾದ ಊರುವ ಆ ಕಬ್ಬಿಣದ ಬಳೆಯೊಳಗೆ ಪಾದ ತಿರುಚಿಕೊಂಡಿತ್ತು.

"ಜೀನು ತಿರುಗಿ ಒಟ್ಟೆ ಕೆಳೀಕೆ ಓಗಿತ್ತು. ಒಟ್ಟೆಪಟ್ಟಿ ಬಿಚ್ಚಿದ್ರೆ ಜೀನು, ಮನ್ಸ ಎಲ್ಲಾ ಕಳಚ್ಕೊಂಡು ಬೀಳೋದು. ಬಿಚ್ಚಕ್ಕಾಗ್ಲಿಲ್ಲ ತಾಯಿ. ತೊಗಲು ಬಿಗ್ಕೊಂಡಿತ್ತು, ಕುದ್ರೆ ನಿಲ್ತಾ ಇರ್ಲಿಲ್ಲ. ಕಡೇಗೆ ಕುಡ್ಗೋಲಲ್ಲಿ ಕುಯ್ದೆ."

ನನ್ನ ಅತ್ತೆ ಹೊಸಿಲ ಮೇಲೆ ಕುಸಿದು ಕೂತರು. ನಾನು ಒಳಗೆ ಹೋಗಿ ಅವನಿಗೆ ಕುಡಿಯಲು ನೀರು ತಂದೆ.

ಅಳು ಬರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ, ಹನ್ನೊಂದರ ದಿನ, ಹೆಂಗಸರೆಲ್ಲ ಸುತ್ತ ಕೂತು ಎದೆ ಬಡಿದುಕೊಳ್ಳುವಾಗಲೂ ಬರಲಿಲ್ಲ. ಯಾರೋ ಕಲ್ಲು ಮನಸ್ಸು ಅಂದರು. ನನ್ನ ಕಿವಿಗೆ ಅದು ಪಕ್ಕದ ಮನೆಯ ಮಾತಿನ ಹಾಗೆ ಬಿತ್ತು. ತಿಂದದ್ದಕ್ಕೆ ರುಚಿ ಇರಲಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, ಬೊಬ್ಬೆ ಎದ್ದ ಮೇಲೆ ಕೈ ನೋಡಿಕೊಂಡೆ.

ಜೀನನ್ನು ರೈತ ಗಾಡಿಯಲ್ಲೇ ಹಾಕಿ ಕಳಿಸಿದ್ದ. ಅದು ಹಿತ್ತಲಿನ ಚಪ್ಪರದಡಿ ಬಿದ್ದಿತ್ತು. ನೂಲು ಸುತ್ತುವ ರಾಟೆಯ ಮುಂದೆ ಕೂತರೆ ನನಗೆ ಅದು ನೇರ ಕಾಣುತ್ತಿತ್ತು. ಒಂದು ಮಧ್ಯಾಹ್ನ ಎದ್ದು ಹೋಗಿ ಅದನ್ನು ಕುದುರೆಯ ಹೊಟ್ಟೆಗೆ ಬಿಗಿಯುವ ಆ ಪಟ್ಟಿಯನ್ನು ಕೈಗೆ ತೆಗೆದುಕೊಂಡೆ. ಕುಡುಗೋಲಿನಿಂದ ಕುಯ್ದ ಕಡೆ ತೊಗಲು ಹಲ್ಲುಹಲ್ಲಾಗಿತ್ತು. ಬಕಲ್ ಮಾತ್ರ ಹಾಕಿದ ಹಾಗೆಯೇ ಇತ್ತು. ನಾನು ಬಿಚ್ಚಿ ನೋಡಿದೆ. ಬಕಲ್ಲಿನ ಮುಳ್ಳು ತೂತಿನಿಂದ ಈಚೆ ಬರಬೇಕಾದರೆ ಪಟ್ಟಿಯನ್ನು ಮೊದಲು ಇನ್ನಷ್ಟು ಬಿಗಿಯಾಗಿ ಎಳೆಯಬೇಕು. ಬಿಗಿಯದೆ ಬಿಚ್ಚುವುದಿಲ್ಲ. ಸುಮ್ಮನೆ ನಿಂತ ಕುದುರೆಗೆ ಅದು ಸರಿ. ಓಡುವ ಕುದುರೆಯ ಮೇಲೆ, ಒಬ್ಬ ಮನುಷ್ಯನ ಭಾರ ಜೋತುಬಿದ್ದಾಗ, ಯಾರ ಕೈಯಲ್ಲೂ ಆಗುವ ಕೆಲಸವಲ್ಲ.

ಭಾರ ಎಷ್ಟೇ ಇರಲಿ, ಒಂದು ಎಳೆತಕ್ಕೆ ಬಿಚ್ಚಬೇಕು. ಆ ಯೋಚನೆ ಬಂದಾಗ ದುಃಖದಿಂದ ಬಂತು ಎಂದು ಹೇಳಲಾರೆ. ಮಗ್ಗದ ಮೇಲೆ ಎಳೆಗಳ ಲೆಕ್ಕ ತಪ್ಪಿದ ಹಾಸನ್ನು ನೋಡಿದರೆ ಸರಿಮಾಡೋಣ ಅನ್ನಿಸುತ್ತದಲ್ಲ, ಹಾಗೆ ಬಂತು.

ನಮ್ಮ ಗುಳಿ ಮಗ್ಗದಲ್ಲಿ ಉದ್ದಕ್ಕೆ ಹಾಸಿದ ನೂಲನ್ನೆಲ್ಲ ಒಂದು ಹಗ್ಗ ಎಳೆದು ಹಿಡಿದಿರುತ್ತದೆ. ಆ ಹಗ್ಗ ದೂರದ ಗೂಟ ಸುತ್ತಿ ನೇಯುವವನ ಪಕ್ಕಕ್ಕೇ ಬರುತ್ತದೆ. ಅವನು ಕೂತಲ್ಲಿಂದಲೇ ಸಡಿಲಿಸಬಹುದು. ನಾನು ಅಲ್ಲಿಂದ ಶುರು ಮಾಡಿದೆ. ಹಗ್ಗದ ಕುಣಿಕೆಗೆ ಮರದ ಗೂಟ ತೂರಿಸಿ, ಇನ್ನೊಂದು ತುದಿಗೆ ಬೀಸುವ ಕಲ್ಲು ಕಟ್ಟಿ ಚಪ್ಪರದಿಂದ ತೂಗುಹಾಕಿದೆ. ಗೂಟ ಕಿತ್ತರೆ ಕಲ್ಲು ಬೀಳಬೇಕು. ಆದರೆ ಭಾರಕ್ಕೆ ಕುಣಿಕೆ ಗೂಟವನ್ನು ಕಚ್ಚಿಕೊಂಡಿತು. ಎರಡೂ ಕೈ ಹಾಕಿ ಎಳೆದರೂ ಬರಲಿಲ್ಲ. ಗೂಟಕ್ಕೆ ಎಣ್ಣೆ ಹಚ್ಚಿದೆ. ಎಳೆಯುವ ಮೊದಲೇ ತಾನಾಗಿ ಜಾರಿ ಕಲ್ಲು ಬಿತ್ತು.

ನನ್ನ ಮೈದುನ ಮಗ್ಗದಿಂದ ಎದ್ದು ಬಂದು ನೋಡಿದ.

"ಏನತ್ಗೆ ಇದು?"

"ಜೀನಿನ ಪಟ್ಟಿಗೆ."

ಅವನು ಕಲ್ಲನ್ನು ಎತ್ತಿ ಮತ್ತೆ ಕಟ್ಟಿಕೊಟ್ಟ.

ದಾರಿ ಸಿಕ್ಕಿದ್ದು ಸುಮಾರು ದಿನದ ಮೇಲೆ. ಗೂಟವನ್ನು ತೂರಿಸುವ ಬದಲು, ಒಂದು ಉದ್ದ ಕಡ್ಡಿಯ ಬುಡವನ್ನು ಕೀಲಿನ ಹಾಗೆ ಆಡುವಂತೆ ಚಪ್ಪರದ ಗಳಕ್ಕೆ ಕಟ್ಟಿದೆ. ಕಡ್ಡಿಯನ್ನು ಕುಣಿಕೆಯೊಳಗಿಂದ ತಂದು ಮೇಲಕ್ಕೆ ಮಡಿಸಿ, ಅದರ ತುದಿಯನ್ನು ಕೈಗೆ ಸಿಕ್ಕ ನೇಯುವ ತೆಳು ನೂಲಿನಿಂದ ಅದೇ ಗಳಕ್ಕೆ ಕಟ್ಟಿದೆ. ನೂಲು ಹರಿಯುತ್ತದೆ ಅಂದುಕೊಂಡೆ. ಹರಿಯಲಿಲ್ಲ. ಕಲ್ಲು ತೂಗುತ್ತಲೇ ಇತ್ತು. ಭಾರವನ್ನೆಲ್ಲ ಕಡ್ಡಿಯ ಬುಡ ಹೊತ್ತಿತ್ತು, ತುದಿಗೆ ಬಂದದ್ದು ಬಹಳ ಕಡಿಮೆ. ನೂಲನ್ನು ಬೆರಳಿನಿಂದ ಕಿತ್ತೆ. ಕಡ್ಡಿ ಮಗುಚಿಕೊಂಡು ಕಲ್ಲು ದೊಪ್ಪನೆ ಬಿತ್ತು.

ಅತ್ತೆ ಒಳಗಿನಿಂದ, "ಏನದು ಸದ್ದು?" ಅಂದರು.

"ಕಲ್ಲು," ಅಂದೆ.

ಗಂಡ ಸತ್ತು ವರ್ಷ ತುಂಬುವ ತನಕ ನಾನು ಬೀದಿಗೆ ಇಳಿಯುವ ಹಾಗಿರಲಿಲ್ಲ. ಮೈದುನನೇ ಜೀನು ಹೊಲಿಯುವ ಸಾಹೇಬರನ್ನು ಮನೆಗೆ ಕರೆತಂದ. ಜಟಕಾ ಕುದುರೆಗಳ ತೊಗಲಿನ ಸಾಮಾನನ್ನೆಲ್ಲ ಮಾಡುತ್ತಿದ್ದ ವಯಸ್ಸಾದವರು. ಅತ್ತೆ ಮುಖ ಸಿಂಡರಿಸಿದರೂ ತಡೆಯಲಿಲ್ಲ. "ಅವ್ಳ ಕೈಗೆ ಏನಾರ ಒಂದು ಕೆಲ್ಸ ಇರ್ಲಿ," ಎಂದು ಪಕ್ಕದ ಮನೆಯವಳಿಗೆ ಹೇಳುತ್ತಿದ್ದದ್ದು ಕೇಳಿಸಿತು. ಸಾಹೇಬರು ಕಡ್ಡಿಯನ್ನು ಮಡಿಸಿ ಬಿಡಿಸಿ ನೋಡಿದರು. ಅವರು ತಮಿಳಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಕಬ್ಬಿಣದಲ್ಲಿ ಮಾಡಿಸ್ತೀನಮ್ಮ. ನೂಲಿನ ಬದಲು ತುದಿಗೆ ಒಂದು ಸಣ್ಣ ಉಂಗುರ ಜಾರಿಸೋಣ. ಉಂಗುರಕ್ಕೆ ಒಂದು ಬಾರು. ಬಾರು ಎಳೆದರೆ ಉಂಗುರ ಬರುತ್ತೆ, ಕೊಂಡಿ ಬಾಯಿ ಬಿಡುತ್ತೆ." ಜೀನು ಯಾವ ಕಡೆ ತಿರುಗುತ್ತದೋ ಗೊತ್ತಿಲ್ಲವಲ್ಲ, ಎರಡು ಪಕ್ಕಕ್ಕೂ ಒಂದೊಂದು ಬೇಕು ಎಂದು ನಾನು ಹೇಳಿದೆ. ಅವರು ತಲೆಯಾಡಿಸಿದರು.

ಕೊಂಡಿ ಬಂದ ದಿನ ಮೈದುನ ತಟ್ಟಿನ ಮೇಲೆ ಹತ್ತಿ ಹಿತ್ತಲಾಚೆಯ ಬಯಲಿಗೆ ಹೋದ. ಕಾರೆ ಮುಳ್ಳಿನ ಪೊದೆಗಳ ನಡುವೆ ನುಗ್ಗಿದ. ಒಂದು ಕೊಂಬೆ ಬಾರಿಗೆ ಸಿಕ್ಕಿಕೊಂಡು ಎಳೆಯಿತು. ಉಂಗುರ ಜಾರಿತು, ಪಟ್ಟಿ ಬಿಟ್ಟಿತು, ಅವನು ಜೀನಿನ ಸಮೇತ ನೆಲಕ್ಕೆ ಬಿದ್ದ. ಬಿದ್ದವನು ಎದ್ದು ನಕ್ಕ. ಮೊಣಕೈ ತರಚಿ ರಕ್ತ ಬರುತ್ತಿತ್ತು.

ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು. ದನಿ ಏರಿಸದೆ ಕೇಳಿದರು, "ಇನ್ನೊಬ್ನೂ ಬೇಕಾ ನಿಂಗೆ?"

ಆಮೇಲೆ ನಾನು ಮೈದುನನನ್ನು ಹತ್ತಲು ಬಿಡಲಿಲ್ಲ. ಅವನ ಬದಲಿಗೆ ಮರಳಿನ ಮೂಟೆ ಕಟ್ಟಿದೆ.

ತಟ್ಟನ್ನು ಹಿಡಿದುಕೊಂಡು ನಾನೇ ಆ ಪೊದೆಗಳ ನಡುವೆ ನಡೆದು ನೋಡಿದೆ. ಕುದುರೆ ಮುಂದಕ್ಕೆ ಹೋಗುತ್ತದೆ, ಮುಳ್ಳು ಯಾವಾಗಲೂ ಹಿಂದಕ್ಕೆ ಎಳೆಯುತ್ತದೆ. ಉಂಗುರವೂ ಹಿಂದಕ್ಕೇ ಜಾರುವ ಹಾಗಿತ್ತು. ಅದನ್ನು ತಿರುಗಿಸಿ, ತಲೆಯ ಕಡೆಗೆ ಎಳೆದರೆ ಮಾತ್ರ ಬರುವ ಹಾಗೆ ಮಾಡಿ ಎಂದು ಸಾಹೇಬರಿಗೆ ಹೇಳಿಕಳಿಸಿದೆ. ಬಾರನ್ನೂ ಗಿಡ್ಡ ಮಾಡಿದರು.

ಎರಡನೆಯ ಸಲ ಮೂಟೆಗೆ ಹಗ್ಗ ಕಟ್ಟಿ ರಿಕಾಪಿಗೆ ಜೋತುಹಾಕಿ, ಜೀನನ್ನು ಬೇಕೆಂದೇ ಹೊಟ್ಟೆಯ ಕೆಳಕ್ಕೆ ತಿರುಗಿಸಿದೆವು. ಮೈದುನ ಲಗಾಮು ಹಿಡಿದು ಓಡಿದ. ಮೂಟೆ ನೆಲದ ಮೇಲೆ ಎಳೆಸಿಕೊಂಡು ಬರುತ್ತಿತ್ತು. ಅದನ್ನು ನೋಡುತ್ತ ನಾನು ಪಕ್ಕದಲ್ಲಿ ಓಡಿ ಬಾರನ್ನು ಹಿಡಿದು ಮುಂದಕ್ಕೆ ಎಳೆದೆ. ಜೀನು, ಮೂಟೆ ಎರಡೂ ಕಳಚಿ ಬಿದ್ದವು. ತಟ್ಟು ಸ್ವಲ್ಪ ದೂರ ಹೋಗಿ ನಿಂತು ಹುಲ್ಲಿಗೆ ಬಾಯಿ ಹಾಕಿತು.

"ಆಯ್ತಮ್ಮ," ಅಂದರು ನೋಡಲು ಬಂದಿದ್ದ ಸಾಹೇಬರು.

"ಶರಿ," ಅಂದೆ, ಅವರ ತಮಿಳಿನಲ್ಲೇ. ಆಗಲಾದರೂ ನನ್ನೊಳಗೆ ಏನಾದರೂ ಆಗುತ್ತದೆ ಎಂದು ಕಾದಿದ್ದೆ. ಕೈಗೆ ಮಣ್ಣಾಗಿತ್ತು, ತೊಳೆದುಕೊಂಡೆ.

ವರ್ಷದ ತಿಥಿ ಕಳೆದ ಮೇಲೆ ನಾನು ತೊಪ್ಪೂರಿಗೆ ಹೋಗಬೇಕು ಅಂದೆ. ಆ ರೈತನಿಗೆ ಕೊಂಡಿ ತೋರಿಸಬೇಕಿತ್ತು. ಬಿಚ್ಚಲಾಗದೆ ಒದ್ದಾಡಿದ ಕೈ ಅವನದು. ಮೈದುನ ಬಸ್ಸಿನಲ್ಲಿ ಕರೆದುಕೊಂಡು ಹೋದ. ಪಟ್ಟಿಯನ್ನು ಚೀಲದಲ್ಲಿ ಇಟ್ಟುಕೊಂಡಿದ್ದೆ.

ರೈತ ಹೊಲದಲ್ಲಿ ಅವರೆ ಬಿಡಿಸುತ್ತಿದ್ದ. ನನ್ನನ್ನು ಕಂಡು ತಲೆಯ ವಸ್ತ್ರ ತೆಗೆದು ಹೆಗಲಿಗೆ ಹಾಕಿಕೊಂಡ. ನಾನು ಪಟ್ಟಿಯ ಒಂದು ತುದಿಯನ್ನು ಬೇವಿನ ಮರಕ್ಕೆ ಕಟ್ಟಿಸಿ, ಇನ್ನೊಂದು ತುದಿಯನ್ನು ಮೈದುನನಿಗೆ ಎಳೆದು ಹಿಡಿಯಲು ಹೇಳಿದೆ.

"ಈ ಬಾರು ಎಳೀರಿ," ಅಂದೆ.

ಅವನು ಎಳೆದ. ಕೊಂಡಿ ಬಾಯಿ ಬಿಟ್ಟಿತು, ಮೈದುನ ಎರಡು ಹೆಜ್ಜೆ ಹಿಂದಕ್ಕೆ ತೂರಾಡಿದ. ರೈತ ಬಾರನ್ನು ಕೈಯಲ್ಲೇ ಹಿಡಿದುಕೊಂಡು ಕೊಂಡಿಯನ್ನು ತಿರುಗಿಸಿ ನೋಡಿದ.

"ಇದ್ನ ನನಗೋಸ್ಕರ ಮಾಡಿದ್ರಾ ತಾಯಿ?"

"ನೀವು ಬಿಚ್ಚಕ್ಕಾಗ್ಲಿಲ್ಲ ಅಂದ್ರಲ್ಲ. ಅದಕ್ಕೆ."

ಅವನು ಬದುವಿನ ಮೇಲೆ ಕೂತ. "ಅಂಗಲ್ಲ ತಾಯಿ," ಅಂದ. "ನಾನು ಅತ್ರಕ್ಕೆ ಓಗೋ ಒತ್ಗೇ ಅವ್ರಲ್ಲಿ ಉಸುರಿರ್ಲಿಲ್ಲ. ಕುದ್ರೆ ಎಗರ್ದಾಗ್ಲೇ ಅವ್ರ ತಲೆ ಬಂಡೆಗೆ ಬಡೀತು. ನಾನು ಕಣ್ಣಾರೆ ನೋಡ್ದೆ. ಒಂದು ಕೂಗೂ ಕೂಗ್ಲಿಲ್ಲ. ಕುದ್ರೆ ಎಳ್ಕೊಂಡು ಓಗಿದ್ದು ಆಮೇಲೆ. ಪಟ್ಟಿ ಬಿಚ್ಚಿದ್ರೂ ಅಷ್ಟೇ, ಬಿಚ್ದೇ ಇದ್ರೂ ಅಷ್ಟೇ."

"ಇದ್ನ ಅವತ್ತೇ ಯಾಕೆ ಏಳ್ಲಿಲ್ಲ?" ಮೈದುನ ಕೇಳಿದ.

"ಬಾಗ್ಲಲ್ಲಿ ಎತ್ತ ತಾಯಿ ನಿಂತಿದ್ರು. ತಲೆ ಬಂಡೆಗೆ ಬಡೀತು ಅಂತ ಎಂಗಪ್ಪ ಏಳೋದು? ಏನಾರ ಒಂದು ಏಳ್ಬೇಕಲ್ಲ ಅಂತ ಪಟ್ಟಿ ಮಾತು ಏಳ್ಬಿಟ್ಟೆ. ಅದೇನೂ ಸುಳ್ಳಲ್ಲ, ಬಿಚ್ಚಕ್ಕಾಗ್ಲಿಲ್ಲ ಅನ್ನೋದು ದಿಟ."

ಬಂಡೆ ಎಲ್ಲಿದೆ ಎಂದು ಕೇಳಿದೆ. ರಸ್ತೆಯ ಪಕ್ಕದಲ್ಲಿ ತೋರಿಸಿದ. ಎಲ್ಲ ಬಂಡೆಗಳ ಹಾಗೆಯೇ ಇತ್ತು, ಮೇಲೆ ಯಾರೋ ಬಟ್ಟೆ ಒಣಹಾಕಿದ್ದರು. ಮೈದುನ ಬೇರೆ ಕಡೆ ತಿರುಗಿ ನಿಂತು ಅತ್ತ. ನನಗೆ ಸಿಟ್ಟು ಬರಲಿಲ್ಲ, ಸಮಾಧಾನವೂ ಆಗಲಿಲ್ಲ. ಒಂದು ಮಾತ್ರ ಗೊತ್ತಾಯಿತು. ವರ್ಷವಿಡೀ, ಅವರು ಕಲ್ಲುಮುಳ್ಳಿನ ಮೇಲೆ ಎಳೆಸಿಕೊಳ್ಳುತ್ತ ಕೂಗಿರಬೇಕು ಎಂದುಕೊಂಡು ಆ ಕೂಗನ್ನು ನಾನೇ ಒಳಗೆ ಕೇಳಿಸಿಕೊಳ್ಳುತ್ತಿದ್ದೆ. ಅಂಥ ಕೂಗು ಇರಲೇ ಇಲ್ಲ. ಈಗ ಒಳಗೆ ಸದ್ದಿಲ್ಲ, ಅಷ್ಟೇ.

ರೈತನ ಹೆಂಡತಿ ಮುದ್ದೆ, ಅವರೆಕಾಳು ಸಾರು ಬಡಿಸಿದಳು. ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು. ಹಾಗೆಂದು ನನಗೆ ಗೊತ್ತಾದದ್ದನ್ನು ನಾನು ಗಮನಿಸಿದೆ.

ಮನೆಗೆ ಬಂದ ಮೇಲೆ ಅತ್ತೆ ಕೇಳಿದರು, "ಆ ಮನ್ಸ ಏನಂದ?"

"ಅವ್ರಿಗೆ ನೋವಾಗ್ಲಿಲ್ವಂತೆ. ಬಿದ್ದಾಗ್ಲೇ ಓಗ್ಬಿಟ್ರಂತೆ."

ಅತ್ತೆ ಅಕ್ಕಿ ಆರಿಸುತ್ತಿದ್ದವರು ಮೊರವನ್ನು ಕೆಳಗಿಟ್ಟರು. ಗೋಡೆಗೆ ಒರಗಿ ಕಣ್ಣು ಮುಚ್ಚಿದರು. "ಮೊದ್ಲೇ ಏಳ್ಬೋದಿತ್ತು, ಪಾಪಿ," ಅಂದರು. ಸ್ವಲ್ಪ ಹೊತ್ತಿಗೆ ಕೂತಲ್ಲೇ ನಿದ್ದೆ ಹೋದರು. ವರ್ಷದಿಂದ ಹಗಲೂ ರಾತ್ರಿ ಸರಿಯಾಗಿ ಮಲಗದ ಜೀವ. ನಾನು ಮೊರವನ್ನು ತೆಗೆದುಕೊಂಡು ಉಳಿದ ಅಕ್ಕಿ ಆರಿಸಿದೆ.

ನಮ್ಮನೆಯವರ ಜಾಗಕ್ಕೆ ಬಂದವರು ತಟ್ಟು ಬೇಕೆಂದು ಕೇಳಿಕೊಂಡು ಬಂದರು. ಕೊಂಡಿ ಸಮೇತ ಜೀನನ್ನೂ ಕೊಟ್ಟೆವು. ಆಮೇಲೆ ಒಮ್ಮೆ ಮೈದುನ ಅವರನ್ನು ಬಸ್ ನಿಲ್ದಾಣದಲ್ಲಿ ಕಂಡನಂತೆ. ತಟ್ಟು ಕೆರೆಯ ಕೆಸರಿನಲ್ಲಿ ಹೂತು ಹೋದಾಗ ಜೀನನ್ನು ಒಂದೇ ಎಳೆತಕ್ಕೆ ಕಳಚಿ ಅದನ್ನು ಎಬ್ಬಿಸಿದರಂತೆ. "ಒಳ್ಳೇ ಉಪಯೋಗ ಐತೆ," ಅಂದರಂತೆ. ಸಾಹೇಬರೂ ಅದೇ ಮಾದರಿಯಲ್ಲಿ ಜಟಕಾದವರಿಗೆ ಒಂದೆರಡು ಮಾಡಿಕೊಟ್ಟರು. ಕೆಲವರು ಇಟ್ಟುಕೊಂಡರು, ಕೆಲವರು ಮತ್ತೆ ಬಕಲ್ಲಿಗೇ ಹೋದರು.

ಕುದುರೆ ಕಟ್ಟುತ್ತಿದ್ದ ಜಾಗದಲ್ಲಿ ಮೈದುನ ಇನ್ನೊಂದು ಮಗ್ಗಕ್ಕೆ ಗುಳಿ ತೋಡಿದ. ನಮ್ಮಲ್ಲಿ ಹೆಂಗಸರು ನೂಲು ಸುತ್ತುವುದೇ ಹೊರತು ಮಗ್ಗಕ್ಕೆ ಕೂರುವುದು ಕಡಿಮೆ. ಆದರೂ ನಾನು ಕೂತೆ, ಅವನು ಹೇಳಿಕೊಟ್ಟ. ನಾನು ನೇಯ್ದ ಮೊದಲ ಸೀರೆಯ ಅಂಚು ಸೊಟ್ಟಗೆ ಬಂದು ಅಂಗಡಿಯವನು ಬೇಡ ಅಂದ. ಅದನ್ನು ಅತ್ತೆ ಉಟ್ಟರು.