ಕೊಂಪಾದ್ರೆಯ ಪಾಲಿನ ಕುಯಿ

ಉಬಾಲ್ದೊ ಮೇರಾ ಕರಾವಳಿ ಸೀಮೆಯವನು. ಎಲ್ ಕಾರ್ಮೆನ್‌ನಲ್ಲಿ ಲಾರಿ ತುಂಬ ಬಾಳೆಕಾಯಿ ಹೇರಿಕೊಂಡು, ಬೆಟ್ಟ ಹತ್ತಿ ನಮ್ಮ ಕೊಟಕಾಚಿ ಸಂತೆಗೆ ಬರುತ್ತಿದ್ದ. ಗಟ್ಟಿ ಗಂಟಲು, ದೊಡ್ಡ ನಗು, ಊಟದ ವಿಷಯದಲ್ಲಿ ಭಾರಿ ಜಂಬ. ಯಾವ ದಾರಿಯಲ್ಲಿ ಯಾರ ಅಂಗಡಿಯ ಹುರಿದ ಹಂದಿಮಾಂಸ ಮೆತ್ತಗಿರುತ್ತದೆ, ಎಲ್ಲಿಯ ಆಲೂಗಡ್ಡೆ ಸಾರಿಗೆ ಚೀಸ್ ಧಾರಾಳವಾಗಿ ಹಾಕುತ್ತಾರೆ ಎಂದು ಸಂತೆಯವರಿಗೇ ಪಾಠ ಹೇಳುತ್ತಿದ್ದ. ತಾನು ತಿನ್ನದ ಪದಾರ್ಥ ಈ ದೇಶದಲ್ಲಿ ಇನ್ನೂ ಹುಟ್ಟಿಲ್ಲ ಎನ್ನುತ್ತಿದ್ದ.

ನನ್ನ ಪಕ್ಕದ ಮನೆಯ ರಫಾಯೆಲ್ ಕುಂಬಾ ಅವನ ಹತ್ತಿರ ಬಾಳೆಕಾಯಿ ಕೊಂಡು ಚಿಲ್ಲರೆ ಮಾರುತ್ತಿದ್ದ. ವ್ಯಾಪಾರ ಸ್ನೇಹವಾಯಿತು. ಮಗಳು ಸಮಿ ಹುಟ್ಟಿದಾಗ ರಫಾಯೆಲ್ ಮತ್ತು ಅವನ ಹೆಂಡತಿ ಸೋಯ್ಲಾ, ಚರ್ಚಿನಲ್ಲಿ ಜ್ಞಾನಸ್ನಾನದ ಹೊತ್ತಿಗೆ ಮಗುವನ್ನು ಎತ್ತಿಕೊಳ್ಳುವ ಜ್ಞಾನಪಿತನಾಗಬೇಕೆಂದು ಉಬಾಲ್ದೊನನ್ನೇ ಕೇಳಿಕೊಂಡರು. ಹಾಗೆ ಅವನು ಆ ಮನೆಗೆ ಕೊಂಪಾದ್ರೆಯಾದ. ನಮ್ಮಲ್ಲಿ ಅದು ಒಡಹುಟ್ಟಿಗಿಂತ ಗಟ್ಟಿ ನಂಟು.

ಜ್ಞಾನಸ್ನಾನ ಮುಗಿಸಿ ಅಂಗಳದಲ್ಲಿ ಊಟಕ್ಕೆ ಕೂತೆವು. ಸೋಯ್ಲಾಳ ತಾಯಿ ಪೆತ್ರೋನಜ್ಜಿ ಅಡುಗೆಮನೆಯಲ್ಲೇ ಕುದುರೆಮೆಂತೆ ಸೊಪ್ಪು ಹಾಕಿ ಸಾಕಿದ್ದ ಕುಯಿಗಳನ್ನು ಕೋಲಿಗೆ ಸಿಕ್ಕಿಸಿ ಕೆಂಡದ ಮೇಲೆ ಸುಟ್ಟಿದ್ದಳು. ಗಿನಿಪಿಗ್ ಅನ್ನುತ್ತಾರಲ್ಲ, ಮೊಲಕ್ಕಿಂತ ಚಿಕ್ಕ ಪ್ರಾಣಿ, ಅದೇ. ನಮಗೆಲ್ಲ ಒಂದೊಂದು ತುಂಡು. ಕೊಂಪಾದ್ರೆಗೆ ಮಾತ್ರ ಗೌರವಕ್ಕೆಂದು ಇಡೀ ಕುಯಿ, ತಲೆ, ಹಲ್ಲು, ಉಗುರು ಎಲ್ಲ ಇದ್ದದ್ದು, ಆಲೂಗಡ್ಡೆ ಮತ್ತು ಕಡಲೆಕಾಯಿ ಗೊಜ್ಜಿನ ಮೇಲೆ. ನಾನು ಅವನ ಎದುರಿಗೇ ಕೂತಿದ್ದೆ. ತಟ್ಟೆ ನೋಡಿದವನ ನಗು ಮುಖದ ಮೇಲೇ ಒಣಗಿತು. ಆಲೂಗಡ್ಡೆಯನ್ನಷ್ಟೇ ತಿಂದು, ಹೊಟ್ಟೆ ತುಂಬಿತು, ಉಳಿದದ್ದನ್ನು ಹೆಂಡತಿಗೆ ಒಯ್ಯುತ್ತೇನೆ ಎಂದ. ಹಾಗೆ ಒಯ್ಯುವುದು ನಮ್ಮಲ್ಲಿ ಪದ್ಧತಿಯೇ, ಅಜ್ಜಿಗೆ ಸಂತೋಷವಾಯಿತು. ತಾನು ಕಸೂತಿ ಹಾಕಿದ ಬಟ್ಟೆಯಲ್ಲಿ ಕಟ್ಟಿಕೊಟ್ಟಳು.

ಮರುದಿನ ಬೆಳಿಗ್ಗೆ ಹುಲ್ಲು ಕೊಯ್ಯಲು ಹೋದ ಅಜ್ಜಿಗೆ ರಸ್ತೆಯ ತಿರುವಿನ ಚರಂಡಿಯಲ್ಲಿ ಅದೇ ಕುಯಿ ಕಂಡಿತು. ಇರುವೆ ಮುತ್ತಿತ್ತು, ಹಲ್ಲಿನ ಗುರುತು ಒಂದೂ ಇರಲಿಲ್ಲ. ಅವಳು ಅಲ್ಲೇ ಮಣ್ಣು ತೋಡಿ ಮುಚ್ಚಿ ಬಂದು ಮಗಳಿಗೆ ಹೇಳಿದಳು. ಸೋಯ್ಲಾ ಅಳುತ್ತಿದ್ದದ್ದು ಕೇಳಿ ನಾನು ಹೋದೆ, ಹಾಗಾಗಿ ನನಗೂ ಗೊತ್ತಾಯಿತು.

ಮುಂದಿನ ಸಂತೆಗೆ ಉಬಾಲ್ದೊ ಬಟ್ಟೆಯನ್ನು ಒಗೆದು, ಮಡಿಸಿ, ಜೊತೆಗೆ ದೊಡ್ಡದೊಂದು ಬಾಳೆಗೊನೆ ಹೊತ್ತು ಬಂದ. ಸುಮ್ಮನೆ ಕೊಟ್ಟು ಹೋಗಿದ್ದರೆ ಆಗುತ್ತಿತ್ತು. ಅಂಗಳದಲ್ಲಿ ನಿಂತು, "ಅವ್ವಾ, ಎಂಥಾ ಕುಯಿ ಮಾಡಿದ್ರಿ. ನನ್ನ ಹೆಂಡ್ತಿ ಮೂಳೆ ಕೂಡ ಬಿಡ್ಲಿಲ್ಲ ನೋಡಿ" ಎಂದ. ರಫಾಯೆಲ್ ಟೊಪ್ಪಿಗೆ ತೆಗೆದು ಅದರ ಒಳಗೆ ಏನೋ ಹುಡುಕತೊಡಗಿದ. ಸೋಯ್ಲಾ ಒಳಗೆ ಹೋದಳು. ಜೋಳ ಬಿಡಿಸುತ್ತಿದ್ದ ನಾನು ತೆನೆಯಿಂದ ಕಣ್ಣೆತ್ತಲಿಲ್ಲ. ಅಜ್ಜಿ ಬಟ್ಟೆ ಈಸಿಕೊಂಡು, ಸಂತೋಷ ಮಗಾ, ಎಂದಳು, ಅಷ್ಟೆ.

ಆಮೇಲೆ ಆ ಮನೆಯಲ್ಲಿ ಯಾವ ಹಬ್ಬವಾದರೂ ಅವನ ತಟ್ಟೆಗೆ ಕೋಳಿಯೋ ಮೊಟ್ಟೆಯೋ ಬರುತ್ತಿತ್ತು. ಪುಣ್ಯಕ್ಕೆ ಬಚಾವಾದೆ ಎಂದುಕೊಂಡು ಅವನು ಗಡದ್ದಾಗಿ ಉಣ್ಣುತ್ತಿದ್ದ.

ಸಮಿ ನಡೆಯಲು ಕಲಿತ ಮೇಲೆ ಉಬಾಲ್ದೊ ಎಲ್ಲರನ್ನೂ ತನ್ನ ಊರಿಗೆ ಕರೆದ. ಲಾರಿಯಲ್ಲಿ ಜಾಗವಿತ್ತೆಂದು ನಾನೂ ಹೊರಟೆ. ಅವನ ಹೆಂಡತಿ ಮರಿತ್ಸಾ ಬೆಳಗಿನಿಂದ ಒಲೆ ಮುಂದೆ ನಿಂತು ವಿಚೆ ಮಾಡಿದ್ದಳು. ಕಡಲೆಕಾಯಿ ಅರೆದು ಹಾಕಿದ ಮೀನಿನ ಸಾರು, ಅದರಲ್ಲಿ ಬಾಳೆಕಾಯಿ ಉಂಡೆ, ಜೋಳ, ಏಡಿ. ಹಿರಿಯಳೆಂದು ಅಜ್ಜಿಯ ಬಟ್ಟಲಿಗೆ ಇಡೀ ಏಡಿ ಹಾಕಿದ್ದಳು. ಅಜ್ಜಿ ಅದನ್ನು ಸ್ವಲ್ಪ ಹೊತ್ತು ನೋಡಿದಳು.

"ಇದು ನನ್ನ ಕೈಲಿ ಆಗಲ್ಲ ತಾಯಿ, ಕಾಲು ಜಾಸ್ತಿ ಆಯ್ತು. ಬೇಜಾರು ಮಾಡ್ಕೋಬೇಡ. ಒಂದು ಬಾಳೆಕಾಯಿ ಸುಟ್ಟು ಕೊಡು, ಸಾಕು."

ಮರಿತ್ಸಾ ನಕ್ಕು, ಏಡಿಯನ್ನು ತನ್ನ ಬಟ್ಟಲಿಗೆ ಹಾಕಿಕೊಂಡು, ಸುಟ್ಟ ಬಾಳೆಕಾಯಿಯನ್ನು ಚೀಸ್ ಜೊತೆ ತಂದಿಟ್ಟಳು. ಅಷ್ಟಕ್ಕೇ ಮುಗಿಯಿತು. ಅಜ್ಜಿಗೆ ಸಂಕೋಚವಾಗದಿರಲೆಂದು ಅವಳೇ ಮಾತು ಮುಂದುವರಿಸಿದಳು: "ನಮ್ಮನೇಲೂ ಅಷ್ಟೇ ಅವ್ವಾ, ಕುಯಿ ಅಂದ್ರೆ ಯಾರೂ ಮುಟ್ಟಲ್ಲ. ನಮ್ಮ ಹುಡುಗೀರು ಎರಡನ್ನ ಹೆಸರಿಟ್ಟು ಸಾಕಿದ್ರು. ಇವರಂತೂ ಅವನ್ನ ಎದೆ ಮೇಲೆ ಮಲಗಿಸ್ಕೊಳ್ತಿದ್ರು."

ಉಬಾಲ್ದೊನ ಕಿವಿಯಿಂದ ಕತ್ತಿನವರೆಗೆ ಕೆಂಪೇರಿತು. ಎದ್ದು ಬಾಗಿಲವರೆಗೆ ಹೋದ, ಅಲ್ಲಿ ನಿಂತ, ಮತ್ತೆ ಬಂದು ಅಜ್ಜಿಯ ಪಕ್ಕ ನೆಲದ ಮೇಲೆ ಕೂತ.

"ಅವ್ವಾ, ಅವತ್ತು ನೀವು ಕಟ್ಟಿಕೊಟ್ಟಿದ್ದನ್ನ ನಾನು..."

"ಗೊತ್ತು ಮಗಾ. ಹುಲ್ಲಿಗೆ ಹೋದೋಳು ನಾನೇ ನೋಡ್ದೆ."

ಇದನ್ನು ಅವನು ಎಣಿಸಿರಲಿಲ್ಲ. ತಪ್ಪು ಹೇಳಿಕೊಳ್ಳುವುದಕ್ಕಿಂತ, ಇವರಿಗೆಲ್ಲ ಮೊದಲಿನಿಂದ ಗೊತ್ತಿತ್ತು ಎನ್ನುವುದೇ ಅವನನ್ನು ಕುಗ್ಗಿಸಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದ್ದು ನಮಗೆ ಕೇಳಿಸಿದ್ದೇ ಕಷ್ಟ.

ಸೋಯ್ಲಾ ಮಗುವಿನ ಬಾಯಿ ಒರೆಸುತ್ತ ಹೇಳಿದಳು: "ಏನಂತ ಹೇಳೋದು ಕೊಂಪಾದ್ರೆ? ನೀವು ತಿನ್ನದೇ ಇದ್ರೆ ನಮಗೇನಿತ್ತು? ಎಸೆದು ಬಂದು, ನಮ್ಮಮ್ಮನ ಎದುರಿಗೇ ನಿಂತು ಅಷ್ಟು ಹೊಗಳಿದ್ರಲ್ಲ, ಅವತ್ತು ನಮಗೇ ತಲೆ ಎತ್ತಕ್ಕಾಗ್ಲಿಲ್ಲ."

ಏನೂ ತಿಳಿಯದ ಮರಿತ್ಸಾ ಗಂಡನ ಮುಖ ನೋಡಿದಳು. ಅವನು ಅವಳಿಗೂ ಎಲ್ಲವನ್ನೂ ನಮ್ಮ ಮುಂದೆಯೇ ಹೇಳಬೇಕಾಯಿತು. ಬಡಿಸಿದ ವಿಚೆ ಅವನ ಬಟ್ಟಲಲ್ಲೇ ಕೆನೆಗಟ್ಟಿತು.

ನಮ್ಮನ್ನು ಊರಿಗೆ ಬಿಟ್ಟು ಹೋದವನು ಬಹಳ ದಿನ ಸಂತೆಗೆ ಬರಲಿಲ್ಲ. ಬೇರೆ ಡ್ರೈವರ್ ಕೈಲಿ ಸರಕು ಕಳಿಸಿದ. ಕೊನೆಗೆ ರಫಾಯೆಲ್ ಬಸ್ಸು ಹತ್ತಿ ಹೋಗಿ, ಸಮಿ ನಿಮ್ಮನ್ನು ಕೇಳುತ್ತಾಳೆ ಎಂದು ಹೇಳಿ ಕರೆತಂದ. ಅದು ಸಂತ ಪೇತ್ರನ ಹಬ್ಬದ ಹೊತ್ತು. ಉಬಾಲ್ದೊ ಬಂದವನೇ ಅಂಗಳದ ಕುರ್ಚಿ ಬಿಟ್ಟು ಕೆಂಡದ ಹತ್ತಿರ ಹೋಗಿ ಕೂತ. ಕುಯಿ ಸಿಕ್ಕಿಸಿದ ಕೋಲನ್ನು ಅಜ್ಜಿಯ ಕೈಯಿಂದ ತೆಗೆದುಕೊಂಡು ತಿರುಗಿಸತೊಡಗಿದ. ಹೊಗೆಗೆ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ನಿಧಾನ, ಚರ್ಮ ಸೀಯುತ್ತೆ ಎಂದಷ್ಟೇ ಅಜ್ಜಿ ಹೇಳಿದಳು.

ಈಗ ಹಬ್ಬ ಬಂದರೆ ಆ ಕೋಲು ಅವನದೇ. ಕುಯಿ ತಿನ್ನುವುದಿಲ್ಲ; ತಿನ್ನಲಾರೆ ಎಂದು ಬಾಯಿಬಿಟ್ಟು ಹೇಳುತ್ತಾನೆ. ಸಂತೆಯಲ್ಲಿ ಊಟದ ಮಾತು ಎದ್ದರೆ ಲಾರಿಯ ಹಗ್ಗ ಬಿಗಿಯಲು ಹೋಗುತ್ತಾನೆ. ಪೆತ್ರೋನಜ್ಜಿಯ ಮುಖ ನೋಡಿ ಮಾತಾಡುವುದು ಮಾತ್ರ ಅವನಿಗೆ ಇನ್ನೂ ಆಗಿಲ್ಲ. ಅವಳು ಅದನ್ನು ಎತ್ತಿ ಆಡುವುದಿಲ್ಲ. ಸಮಿಯನ್ನು ಅವನ ತೊಡೆಯ ಮೇಲೆ ಕೂರಿಸಿ, ತನ್ನ ಕೆಲಸಕ್ಕೆ ಒಳಗೆ ಹೋಗುತ್ತಾಳೆ.