ಗಾಲಿ ಹಲಗೆಯ ಹುಲಿ

ಹೋದ ತಿಂಗಳು ಮನೆಯ ಗೇಟಿಗೆ ಬಣ್ಣ ಹೊಡೆಯೋಣವೆಂದು ಟರ್ಪೆಂಟೈನ್ ಬಾಟಲಿಯ ಮುಚ್ಚಳ ತೆಗೆದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹುಣಸೂರಿನಲ್ಲಿ ನನ್ನ ಅಂಗಡಿಗೆ ಗೋಡೆಯೊಂದೇ ಅಡ್ಡವಿದ್ದ ಪಕ್ಕದಂಗಡಿಯ ಅಣ್ಣ ನೆನಪಾದರು...

ತೊಂಬತ್ತರ ದಶಕದ ಕೊನೆ. ನಾನು ಮೈಸೂರಿನಲ್ಲಿ ಐದು ವರ್ಷ ಚಿತ್ರಕಲೆ ಓದಿ ಬಂದು ಅಂಗಡಿ ಬೋರ್ಡು ಬರೆಯುತ್ತಿದ್ದೆ. ಅಣ್ಣ ಅಂತರಸಂತೆಯವರು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಹೊಗೆಸೊಪ್ಪು ಸಾಗಿಸುವ ಟ್ರೇಲರುಗಳ ಹಿಂಬದಿಗೆ ಹುಲಿ ಬರೆಯುತ್ತಿದ್ದರು. ಅಳತೆ ಗಿಳತೆ ಏನೂ ಇಲ್ಲ. ಹುಲಿಯ ಒಂದು ಕಣ್ಣು ದೊಡ್ಡದು, ಒಂದು ಚಿಕ್ಕದು. ಆದರೂ ಆ ಟ್ರೇಲರಿನ ಹಿಂದೆ ಸೈಕಲ್ ತುಳಿಯುವಾಗ ಅದು ನನ್ನನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು. ನನ್ನ ಹುಲಿಗಳ ಅಳತೆ ಸರಿಯಿತ್ತು. ಅವು ಯಾರನ್ನೂ ನೋಡುತ್ತಿರಲಿಲ್ಲ. ಅಣ್ಣ ನನ್ನನ್ನು “ಮೇಷ್ಟ್ರೇ” ಎಂದು ಗೌರವದಿಂದ ಕರೆಯುತ್ತಿದ್ದರು. ಅದೂ ನನ್ನ ಹೊಟ್ಟೆ ಉರಿಸುತ್ತಿತ್ತು.

ಒಂದು ಮಧ್ಯಾಹ್ನ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿಗೆ ಹೊರಟಿದ್ದ ಬಿಳಿಯನೊಬ್ಬ ಟ್ರೇಲರಿನ ಹುಲಿ ನೋಡಿ, ಬರೆದವರು ಯಾರೆಂದು ಕೇಳಿಕೊಂಡು ಬಂದ. ಕಂಕುಳಲ್ಲಿ ನಾಲ್ಕು ಗಾಲಿಯ ಹಲಗೆ. ಅದಕ್ಕೆ ಸ್ಕೇಟ್‌ಬೋರ್ಡ್ ಅನ್ನುತ್ತಾರೆಂದು ನಮಗೆ ತಿಳಿದದ್ದು ಆವತ್ತೇ. ಅದರ ಮೇಲೆ ನಿಂತು ಉರುಳಿಕೊಂಡು ಹೋಗುವ ಆಟ. ಅವನ ಊರಿನಲ್ಲಿ ಅಂಥ ಹಲಗೆ ಮಾಡುವ ಸಣ್ಣ ಕಾರ್ಖಾನೆ ಅವನದು. ಹಲಗೆಯ ಅಡಿಗೆ ಹುಲಿ ಬೇಕಂತೆ. ಇಂಗ್ಲಿಷು ಬರುತ್ತಿದ್ದದ್ದು ನನಗೆ. ಅಣ್ಣನ ಅದೃಷ್ಟವನ್ನು ಅಣ್ಣನಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

“ಅಡೀಲಿ ಬರುದ್ರೆ ಉಜ್ಜಿ ಉಜ್ಜಿ ಅಳ್ಸೋಗಲ್ವಾ ಮೇಷ್ಟ್ರೇ? ಕೇಳಿ.”

ಕೇಳಿದೆ. ಅಳಿಸಿಹೋದರೆ ಹೊಸದು ಕೊಳ್ಳುತ್ತಾರೆ ಎಂದು ಅವನು ನಕ್ಕ. ಅಣ್ಣನೂ ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೆ ಅವನ ಕಾಗದಗಳು ಬರತೊಡಗಿದವು. ಅಣ್ಣ ಹಾಳೆಯ ಮೇಲೆ ಹುಲಿ, ಕಾಡುಹಂದಿ, ಸಲಗ ಬರೆದು ಕಳಿಸುವರು. ಅವು ಅಲ್ಲಿ ನೂರಾರು ಹಲಗೆಗಳಿಗೆ ಅಚ್ಚಾಗುವವು. ಕಾಗದ ಓದಿ ಹೇಳುವವನೂ ಉತ್ತರ ಬರೆಯುವವನೂ ನಾನೇ. ಒಮ್ಮೆ ಅವರಿಗೆ ತಿಳಿಯದಂತೆ ನನ್ನ ಎರಡು ಚಿತ್ರಗಳನ್ನೂ ಲಕೋಟೆಗೆ ಸೇರಿಸಿದೆ. ಮರುಕಾಗದದಲ್ಲಿ ಅವುಗಳ ಸುದ್ದಿಯೇ ಇಲ್ಲ. ಬದಲಿಗೆ, ಮುಂದಿನ ಹಲಗೆಗಳ ಮೇಲೆ ಕಲಾವಿದರ ಹೆಸರು ಹಾಕುತ್ತೇವೆ, ಅವರ ಕೈಯಲ್ಲೇ ಇಂಗ್ಲಿಷಿನಲ್ಲಿ ಬರೆಸಿ ಕಳಿಸಿ ಎಂದಿತ್ತು.

ಆ ಒಂದು ಸಾಲನ್ನು ಬಿಟ್ಟು ಮಿಕ್ಕದ್ದೆಲ್ಲ ಓದಿ ಹೇಳಿದೆ. ಉತ್ತರದಲ್ಲಿ, ಅವರಿಗೆ ಹೆಸರು ಹಾಕುವುದು ಇಷ್ಟವಿಲ್ಲ ಎಂದು ಬರೆದೆ.

ಪಾರ್ಸೆಲ್ಲಿನಲ್ಲಿ ಹೊಸ ಹಲಗೆ ಬಂದಾಗ ಅಣ್ಣ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

“ನನ್ನೆಸ್ರು ಎಲ್ಲೂ ಆಕಿಲ್ವಲ್ಲಾ?”

“ಅವರ ಕಡೆ ಹಂಗೆಲ್ಲ ಹಾಕಲ್ಲ ಅಣ್ಣ.”

“ಓಗ್ಲಿ ಬುಡಿ...” ಅಂದು ಹಲಗೆಯ ಧೂಳನ್ನು ಟವೆಲ್ಲಿನಿಂದ ಒರೆಸಿದರು.

ಅಚ್ಚು ಹಾಕಿದ ಫ್ಲೆಕ್ಸ್ ಬೋರ್ಡು ಬಂತು, ನಮ್ಮಿಬ್ಬರ ಅಂಗಡಿಯೂ ಮುಚ್ಚಿತು. ನಾನು ಕೆ.ಆರ್.ನಗರದ ಕಡೆ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾದೆ. ಅಣ್ಣ ಊರಿಗೆ ಹೋದರು. ಎರಡು ವರ್ಷದಲ್ಲಿ ಕಾಮಾಲೆಯಾಗಿ ತೀರಿಕೊಂಡರೆಂದು ಕೇಳಿದೆ. ಮಣ್ಣಿಗೂ ಹೋಗಲಿಲ್ಲ.

ಹೋದ ವಾರ ಅಂತರಸಂತೆಗೆ ಹೋಗಿ ಅಣ್ಣನ ಹೆಂಡತಿ, ಅತ್ತಿಗೆಯ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಒಳಗೆ ಹೋಗಿ ಒಂದು ಹಳೆಯ ನೋಟ್‌ಬುಕ್ ತಂದು ಕೈಗಿಟ್ಟರು.

“ಆ ಬಿಳಿಯ ಯಾವತ್ತಾದ್ರೂ ಕೇಳಿದ್ರೆ ಬೇಕಾಯ್ತದೆ ಅಂತ ಇಂಗ್ಲೀಸ್ನಲ್ಲಿ ಎಸ್ರು ಬರ್ಯೋದ ಕಲ್ತಿದ್ರು ಮೇಷ್ಟ್ರೇ.”

ಪುಟದ ತುಂಬ ಒಂದೇ ಹೆಸರು. ಮೊದಲ ಸಾಲುಗಳಲ್ಲಿ ತಡವರಿಸಿದ ಅಕ್ಷರ ಕೊನೆಯ ಸಾಲಿನ ಹೊತ್ತಿಗೆ ಮೈದುಂಬಿ ಬಳುಕುತ್ತಿತ್ತು. ಅಂಥ ಬಳುಕು ನನ್ನ ಕೈಗೆ ಎಂದೂ ಬರಲಿಲ್ಲ. ಆಗಲೂ ಹೊಟ್ಟೆ ಉರಿಯಿತು, ಸುಳ್ಳು ಹೇಳಲಾರೆ... ಆದರೆ ಈ ಸಲ ಗೋಡೆಯ ಆಚೆ ಅಣ್ಣ ಇರಲಿಲ್ಲ.