ಡಿಕಾಕ್ಷನ್ ಇಳಿಯುವಷ್ಟು ಹೊತ್ತು

ಆ ದಿನ ಮನೆಯಲ್ಲಿ ಡಿಕಾಕ್ಷನ್ ಮೊದಲೇ ಇತ್ತೋ, ನಾನು ಹೊಸದಾಗಿ ಹಾಕಿದೆನೋ? ಇದೊಂದು ಗೊತ್ತಾದರೆ ಸಾಕಿತ್ತು. ಮೊದಲೇ ಇದ್ದಿದ್ದರೆ ಹಾಲು ಕಾಯಿಸಿ, ಬೆರೆಸಿ, ತಂದುಕೊಡಲು ಎಷ್ಟು ಹೊತ್ತು ಬೇಕು? ಅಷ್ಟರೊಳಗೆ ಒಂಬತ್ತನೇ ಕ್ಲಾಸಿನ ಹುಡುಗಿ ಹೆಚ್ಚೇನೂ ಹೇಳಲಾರಳು. ಹೊಸದಾಗಿ ಹಾಕಿದ್ದರೆ, ಅದು ತೊಟ್ಟು ತೊಟ್ಟಾಗಿ ಇಳಿದು ಮುಗಿಯುವಷ್ಟರಲ್ಲಿ ಒಂದು ಇಡೀ ವರ್ಷದ ವಿಷಯ ಹೇಳಿಬಿಡಬಹುದು. ನನ್ನ ನೆನಪಿನಲ್ಲಿ ಎರಡೂ ಇವೆ. ಒಂದರಲ್ಲಿ ಫಿಲ್ಟರಿನ ಕೆಳಗಿನ ಪಾತ್ರೆಯಲ್ಲಿ ಬೆಳಗಿನದು ಅರ್ಧದಷ್ಟು ಉಳಿದಿದೆ. ಇನ್ನೊಂದರಲ್ಲಿ ನಾನು ಪುಡಿಯ ಮೇಲೆ ಬಿಸಿನೀರು ಹೊಯ್ಯುತ್ತಿದ್ದೇನೆ, ಮುಖಕ್ಕೆ ಹಬೆ ಬಡಿಯುತ್ತಿದೆ. ಹಬೆ ಇರುವ ನೆನಪು ಹೆಚ್ಚು ಚೆನ್ನಾಗಿದೆ. ಅದಕ್ಕೇ ಅದರ ಮೇಲೆ ನನಗೆ ಅನುಮಾನ.

ನನ್ನ ಕೆಲಸ ಚೆನ್ನೈನ ಗಿಂಡಿ ಬಡಾವಣೆಯ ಒಂದು ಆಫೀಸಿನಲ್ಲಿ. ಮಕ್ಕಳ ಓದು ಮನೆಯೊಳಗೆ ಹೇಗೆ ನಡೆಯುತ್ತದೆ, ಯಾವ ಭಾಷೆಯಲ್ಲಿ, ಯಾರ ಪಕ್ಕ ಕೂತು, ಯಾರ ಭಯಕ್ಕೆ ಎಂದು ಕೇಳಿಕೊಂಡು ಮನೆ ಮನೆ ತಿರುಗುವುದು. ಇದೇ ಪ್ರಶ್ನೆಗಳನ್ನು ಕೊಲಂಬೊ, ಪೆನಾಂಗ್, ಮನಿಲಾಗಳಲ್ಲಿ ನಮ್ಮಂಥವರೇ ಕೇಳುತ್ತಾರೆ. ಆಗಾಗ ಎಲ್ಲರೂ ಕಂಪ್ಯೂಟರ್ ಪರದೆಯ ಮೇಲೆ ಸೇರಿ, ಯಾವ ಊರಿನಲ್ಲಿ ಯಾವ ಪ್ರಶ್ನೆ ನಡೆಯಿತು, ಯಾವುದು ಮುಗ್ಗರಿಸಿತು ಎಂದು ಮಾತಾಡಿಕೊಳ್ಳುತ್ತೇವೆ.

ಎಲ್ಲ ಊರಿನಲ್ಲೂ ಇರುವ ತೊಡಕು ಒಂದೇ: ಅಮ್ಮ. ಮಗುವಿನ ಜೊತೆ ಒಂಟಿಯಾಗಿ ಮಾತಾಡಲು ಒಪ್ಪಿಗೆ ಕೊಟ್ಟಿರುತ್ತಾಳೆ, ಆದರೂ ಬಾಗಿಲ ಹತ್ತಿರ ನಿಂತಿರುತ್ತಾಳೆ. ಮಗು ಬಾಯಿ ತೆರೆದರೆ ಉತ್ತರ ಅವಳಿಂದ ಬರುತ್ತದೆ. "ನೀವು ಸ್ವಲ್ಪ ಒಳಗೆ ಹೋಗಿ" ಎಂದರೆ ಮುಖ ಬಾಡುತ್ತದೆ. ಮೈಲಾಪೂರಿನಲ್ಲಿ ಇದಕ್ಕೆ ನಮ್ಮ ಉಪಾಯ, ಕಾಫಿ ಕೇಳುವುದು. ಅಲ್ಲಿನ ಹಳೇ ಫ್ಲ್ಯಾಟುಗಳಲ್ಲಿ ಕಾಫಿ ಕೇಳಿದ ಅತಿಥಿಗೆ ಬೆಳಗಿನ ಡಿಕಾಕ್ಷನ್ ಕೊಡುವುದು ಮರ್ಯಾದೆಯಲ್ಲ. ಹೊಸದಾಗಿ ಹಾಕುತ್ತಾರೆ. ಅದು ಇಳಿಯುವವರೆಗೆ ಅಮ್ಮ ಅಡುಗೆಮನೆ ಬಿಟ್ಟು ಬರುವುದಿಲ್ಲ. ನಿಜವಾದ ಪ್ರಶ್ನೆಗಳು ಆಗ.

ಇದನ್ನು ನನ್ನ ಸಹೋದ್ಯೋಗಿಗೆ ಕಲಿಸಿದ್ದು ನಾನು ಎಂದು ಬರೆಯಹೊರಟಿದ್ದೆ. ಅವಳನ್ನು ಕೇಳಿದರೆ ತಾನೇ ಕಂಡುಕೊಂಡದ್ದು ಎನ್ನುತ್ತಾಳೆ. ನಮ್ಮಿಬ್ಬರಿಗಿಂತ ಮುಂಚೆ ಎಷ್ಟು ಜನ ಕಾಫಿ ಕೇಳಿದ್ದಾರೋ.

ಅವಳು ಉತ್ತರ ಚೆನ್ನೈನ ತಿರುವೊಟ್ಟಿಯೂರಿನವಳು, ನನಗಿಂತ ತುಂಬ ಚಿಕ್ಕವಳು, ನನ್ನನ್ನು ಅಕ್ಕಾ ಎನ್ನುತ್ತಾಳೆ. ಅವಳು ಮಾತಾಡುವುದು ತಮಿಳು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ಏಕೆಂದರೆ ನನ್ನ ತಲೆಯಲ್ಲಿ ಅವಳು ಯಾವಾಗಲೋ ಕನ್ನಡದಲ್ಲಿ ಮಾತಾಡಲು ಶುರುಮಾಡಿದ್ದಾಳೆ. ಇದೂ ನೆನಪಿನ ಒಂದು ಮೋಸ.

ಮೊದಮೊದಲು ಅವಳು ತನ್ನ ಊರಲ್ಲೇ ಈ ಉಪಾಯ ಪ್ರಯೋಗಿಸಿದಳು. ಒಂದು ಮನೆಯಲ್ಲಿ ಹುಡುಗಿಯನ್ನು ಕೂರಿಸಿಕೊಂಡು, ಅಮ್ಮನಿಗೆ "ಒಂದು ಟೀ ಸಿಗುತ್ತಾ ಅಕ್ಕಾ?" ಎಂದಳು. ಅಮ್ಮ ಫ್ಲಾಸ್ಕನ್ನು ಮಗಳ ಕೈಗೆ ಕೊಟ್ಟು, "ಓಡು, ಮೂಲೆ ಅಂಗಡಿಯಿಂದ ಮೂರು ಟೀ ತಾ" ಎಂದು ಅವಳನ್ನೇ ಹೊರಗೆ ಕಳಿಸಿ, ಬಂದು ಎದುರಿಗೆ ಕೂತಳಂತೆ.

"ಮಗು ಹೋಯ್ತು, ಅಮ್ಮ ಉಳೀತು. ನಿಮ್ಮ ಟ್ರಿಕ್ ಸುಮ್ಮಾ ಮೈಲಾಪೂರ್ ಟ್ರಿಕ್ ಅಕ್ಕಾ, ಸೇತುವೆ ದಾಟಿದರೆ ಉಲ್ಟಾ ಹೊಡೆಯುತ್ತೆ" ಎಂದು ಆಫೀಸಿನಲ್ಲಿ ಅಭಿನಯಿಸಿ ತೋರಿಸಿದಳು. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವಳು ನಾನು.

ಆದರೆ ಅದೇ ಕಥೆಯನ್ನು ನಾಲ್ಕೂರಿನವರ ಮುಂದೆ ಅವಳು ಹೇಳಿದಾಗ ನನಗೆ ನಗು ಬರಲಿಲ್ಲ. ಮನಿಲಾದವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಪೆನಾಂಗಿನವನು ಇನ್ನು ಇದನ್ನು ಚೆನ್ನೈ ಪದ್ಧತಿ ಎಂದು ಕರೆಯೋಣ ಎಂದ. ಪರದೆಯ ಮೇಲೆ ನನ್ನ ಮುಖವೂ ಒಂದು ಚೌಕದಲ್ಲಿತ್ತು, ಬಾಯಿ ನಗುತ್ತಿತ್ತು. ನಾನು ಹೇಳಿದ್ದರೆ ಯಾರೂ ಅಷ್ಟು ನಗುತ್ತಿರಲಿಲ್ಲ ಎಂಬುದು ಆಗಲೇ ಗೊತ್ತಿತ್ತು. ಅವಳ ಮುಂದೆ ಜನ ಬಿಚ್ಚಿಕೊಳ್ಳುತ್ತಾರೆ. ನನ್ನ ಮುಂದೆ ಸರಿಯಾದ ಉತ್ತರ ಕೊಡುತ್ತಾರೆ.

ಇಷ್ಟು ಹೊಟ್ಟೆಕಿಚ್ಚು ಯಾವ ಆಫೀಸಿನಲ್ಲೂ ಇರುತ್ತದೆ. ನಾನು ಹೇಳಹೊರಟದ್ದು ಮನೆಯದು.

ನನ್ನ ಮಗಳು ನನ್ನ ಜೊತೆ ಮಾತು ನಿಲ್ಲಿಸಿದ್ದಳು. ಜಗಳವಲ್ಲ, ಮುನಿಸಲ್ಲ. ಸ್ಕೂಲಿನಿಂದ ಬರುತ್ತಾಳೆ, ಬ್ಯಾಗ್ ಇಡುತ್ತಾಳೆ.

"ಏನಾಯ್ತೇ ಇವತ್ತು?"

"ಒಣ್ಣುಮಿಲ್ಲ ಮಾ."

ಏನೂ ಇಲ್ಲ, ಅಷ್ಟೇ. ನಾನು ಕನ್ನಡದಲ್ಲಿ ಎಷ್ಟು ಕೇಳಿದರೂ ತಮಿಳಿನಲ್ಲಿ ಇಷ್ಟೇ ಉತ್ತರ. ಚಿಕ್ಕವಳಾಗಿದ್ದಾಗ ಸ್ಕೂಲಿನ ವ್ಯಾನ್ ಇಳಿಯುತ್ತಲೇ ಶುರುಮಾಡಿ ಕೈಕಾಲು ತೊಳೆಯುವಾಗಲೂ ನಿಲ್ಲಿಸುತ್ತಿರಲಿಲ್ಲ. ಅಥವಾ ಹಾಗೆ ನಡೆದದ್ದು ಕೆಲವು ದಿನಗಳಷ್ಟೇ ಇರಬೇಕು, ನಾನು ಅದನ್ನು ಇಡೀ ಬಾಲ್ಯಕ್ಕೆ ಎಳೆದು ಹೊದಿಸಿದ್ದೇನೆ. ವಿಮಾ ಕಚೇರಿಯಲ್ಲಿರುವ ನನ್ನ ಗಂಡನಿಗೆ ಹೇಳಿದರೆ, "ಮಾತಾಡ್ತಾಳೆ ಬಿಡೇ. ನಮ್ ಹತ್ರ ಅಲ್ಲ ಅಷ್ಟೇ" ಎಂದು ಪೇಪರ್ ಮಗುಚಿದರು. ಮೈಸೂರಿನಿಂದ ನನ್ನ ಅಮ್ಮ ದಿನಾ ಸಂಜೆ ಫೋನ್ ಮಾಡಿ "ಮಗು ಏನಂತಾಳೆ?" ಎಂದು ಕೇಳುತ್ತಾಳೆ. ಅವಳಿಗೆ ಕೊಡಲು ನನ್ನ ಹತ್ತಿರ ಸುದ್ದಿಯೇ ಇಲ್ಲದಂತಾಗಿತ್ತು.

ಆಗ ಆಫೀಸಿನಲ್ಲಿ ಮಕ್ಕಳಿಗೆಂದು ಹೊಸ ಪ್ರಶ್ನೆಗಳು ಸಿದ್ಧವಾದವು. ಹೊರಗೆ ಒಯ್ಯುವ ಮುಂಚೆ ಯಾರಾದರೂ ಪರಿಚಯದ ಮಗುವಿನ ಮೇಲೆ ಪರೀಕ್ಷಿಸಿ ನೋಡುವುದು ವಾಡಿಕೆ. ಅವುಗಳಲ್ಲಿ ಒಂದು ಪ್ರಶ್ನೆ ನಾನೇ ಬರೆದದ್ದು: ಸ್ಕೂಲಿನಲ್ಲಿ ಏನಾದರೂ ಆದರೆ ಮೊದಲು ಯಾರಿಗೆ ಹೇಳುತ್ತೀಯ?

"ನಿಮ್ಮ ಮಗಳನ್ನೇ ಕೇಳೋಣವಾ ಅಕ್ಕಾ?" ಎಂದಳು ಸಹೋದ್ಯೋಗಿ.

"ಅವಳು ಒಪ್ಪಲ್ಲ."

ಕೇಳಿದ ಕೂಡಲೇ ಮಗಳು "ಓಕೆ" ಎಂದಳು. ಆ "ಓಕೆ"ಯಿಂದಲೇ ನನ್ನ ಸಂಕಟ ಶುರುವಾಗಿತ್ತು.

ಭಾನುವಾರ ಮಧ್ಯಾಹ್ನ ಸಹೋದ್ಯೋಗಿ ಬಂದಳು. ಮಗಳು ತಲೆ ಬಾಚಿಕೊಂಡು ಕೂತಿದ್ದಳು. ನಾನು ಎದುರಿನ ಕುರ್ಚಿಯಲ್ಲಿ ಬಟ್ಟೆ ಮಡಿಸುತ್ತ ಕೂತೆ, ಕೇಳಿಸಿಕೊಳ್ಳದವಳ ಹಾಗೆ. ಯಾವ ಕ್ಲಾಸು, ಯಾವ ವಿಷಯ ಇಷ್ಟ, ಟ್ಯೂಷನ್ ಉಂಟೋ ಇಲ್ಲವೋ, ಇಂಥವು ನಡೆದವು. ಆಮೇಲೆ ಅವಳು ನನ್ನ ಕಡೆ ತಿರುಗಿ, ಏನೂ ವಿಶೇಷವಿಲ್ಲದ ದನಿಯಲ್ಲಿ, "ಅಕ್ಕಾ, ಕಾಪಿ ಕಿಡೈಕ್ಕುಮಾ?" ಎಂದಳು.

ಸಿಗದೇ ಏನು ಎಂದು ನಾನು ಎದ್ದೆ. ಇದು ಮಾತ್ರ ನನಗೆ ಖಚಿತ. ಕೈಯಲ್ಲಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು, ಬಂದವಳು ಕಾಫಿ ಕೇಳಿದ್ದಾಳೆಂಬ ಸಂತೋಷದಲ್ಲೇ ಎದ್ದೆ. ಮೈಲಾಪೂರಿನ ಎಷ್ಟೋ ಮನೆಗಳಲ್ಲಿ ಎಷ್ಟೋ ಹೆಂಗಸರು ಹೀಗೆ ಏಳುವುದನ್ನು ನೋಡಿದ್ದೆ. ಆ ಮುಖದ ಮೇಲೆ ಒಂದು ತೃಪ್ತಿ ಇರುತ್ತದೆ. ಅದೇ ನನ್ನ ಮುಖದ ಮೇಲೂ ಇದ್ದಿರಬೇಕು.

ಅಡುಗೆಮನೆಗೆ ಹೋಗಿ, ಒಲೆ ಹಚ್ಚಿ, ಹಾಲಿನ ಪ್ಯಾಕೆಟ್ ಕತ್ತರಿಸುವಾಗ ಹೊಳೆಯಿತು.

ಕತ್ತರಿ ಹಾಗೇ ಹಿಡಿದು ನಿಂತೆ. ತಿರುಗಿ ಹೋದರೆ ನಾನೇ ಊರಿಗೆಲ್ಲ ಹೇಳುವ ನಿಯಮವನ್ನು ಮುರಿದಂತೆ. ಹೋಗದಿದ್ದರೆ? ಮುಂದಿನ ಕೋಣೆಯಿಂದ ಮಗಳ ದನಿ ಬರುತ್ತಿತ್ತು. ಒಂದು ಮಾತಲ್ಲ, ಎರಡಲ್ಲ, ಉದ್ದುದ್ದದ ವಾಕ್ಯಗಳು, ನಡುವೆ ಉಸಿರೆಳೆದುಕೊಂಡು ಮತ್ತೆ. ಅದು ತಮಿಳು ಎಂಬಷ್ಟು ಗೊತ್ತಾಗುತ್ತಿತ್ತು. ಪಕ್ಕದ ಮನೆಯ ಮಿಕ್ಸಿ ಹೊಟ್ಟೆ ಉರಿಸುವುದಕ್ಕೇ ಶುರುವಾಯಿತು. ಅದು ನಿಂತಾಗ ಇಬ್ಬರೂ ನಗುತ್ತಿದ್ದರು. ಚಮಚದಿಂದ ಫಿಲ್ಟರಿನ ತಲೆಗೆ ತಟ್ಟಿ ತಟ್ಟಿ, ಇಳಿ ಇಳಿ ಎಂದು ಅವಸರಪಡಿಸಿದ್ದು ನೆನಪಿದೆ. ಹಾಗಿದ್ದರೆ ಹೊಸದೇ ಹಾಕಿದ್ದೆ, ಅವಳನ್ನು ಅತಿಥಿ ಎಂದೇ ಎಣಿಸಿದ್ದೆ. ಆದರೆ ಆ ತಟ್ಟುವುದು ಬೇರೆ ಯಾವುದೋ ದಿನದ್ದನ್ನು ತಂದು ಇಲ್ಲಿ ಸಿಕ್ಕಿಸಿದ್ದೂ ಇರಬಹುದು.

ಲೋಟ ಹಿಡಿದು ಬಂದಾಗ ಮಾತು ನಿಂತಿತು. ಮಗಳ ಮುಖ ಹೊರಗೆ ಓಡಾಡಿ ಬಂದವರ ಹಾಗೆ ಕೆಂಪಾಗಿತ್ತು. ಸಹೋದ್ಯೋಗಿ ಕಾಫಿ ಕುಡಿದು, "ಸೂಪರ್ ಅಕ್ಕಾ, ಡಿಗ್ರಿ ಕಾಪಿ" ಎಂದಳು. ನಾವೂ ಎಲ್ಲ ಮನೆಗಳಲ್ಲೂ ಹೀಗೇ ಹೊಗಳುತ್ತೇವೆ.

ಮರುದಿನ ಆಫೀಸಿನಲ್ಲಿ, ಊಟದ ಡಬ್ಬಿ ತೆಗೆಯುತ್ತ ಅವಳನ್ನು ಕೇಳಿದೆ. "ಒಂದೇ ಒಂದು ಹೇಳು. ನನ್ನ ಪ್ರಶ್ನೆಗೆ ಏನಂದಳು?"

"ಯಾವುದು ಅಕ್ಕಾ?"

"ಗೊತ್ತಿಲ್ಲದ ಹಾಗೆ ಆಡಬೇಡ. ಮೊದಲು ಯಾರಿಗೆ ಹೇಳ್ತಾಳಂತೆ?"

ಅವಳು ನನ್ನ ಡಬ್ಬಿಯಿಂದ ಹುರುಳಿಕಾಯಿ ಪಲ್ಯದ ಒಂದು ತುತ್ತು ತೆಗೆದುಕೊಂಡಳು. "ಈಗ ಕೇಳ್ತಿರೋದು ಯಾರು? ಆಫೀಸಿನ ಅಕ್ಕನಾ, ಅವಳ ಅಮ್ಮನಾ? ಆಫೀಸಿನವರಾದರೆ ಕೇಳೋ ಹಾಗಿಲ್ಲ ಅಂತ ನೀವೇ ಹೇಳಿಕೊಟ್ಟಿದ್ದು. ಅಮ್ಮ ಆದರೆ ಮನೆಗೆ ಹೋಗಿ ಅವಳನ್ನೇ ಕೇಳಿ."

"ಅವಳು ಹೇಳಿದ್ದರೆ ನಿನ್ನ ಯಾಕೆ ಕೇಳ್ತಿದ್ದೆ?"

"ಪಾಪ ಅಕ್ಕಾ ನೀವು" ಎಂದು ನಕ್ಕಳು. ಅವಳಿಗೆ ಗೊತ್ತಿದೆ, ನನಗೆ ಗೊತ್ತಿಲ್ಲ. ಆ ನಗುವಿನಲ್ಲಿ ಬೇರೇನೂ ಇರಲಿಲ್ಲ. ನನ್ನ ಮಗಳ ಒಂದು ಭಾಗ ಅವಳ ಹೊಟ್ಟೆಯಲ್ಲಿ ನನ್ನ ಪಲ್ಯದ ಜೊತೆ ಕೂತಿತ್ತು.

ಮನೆಗೆ ಹೋಗಿ ಮಗಳನ್ನೂ ಕೇಳಿದೆ. ಅವಳು ಪುಸ್ತಕದಿಂದ ತಲೆ ಎತ್ತದೆ, "ಕಾನ್ಫಿಡೆನ್ಷಿಯಲ್ ಮಾ" ಎಂದಳು.

ಮುಂದಿನ ನಾಲ್ಕೂರಿನ ಸಭೆಯಲ್ಲಿ ಹೊಸ ಪ್ರಶ್ನೆಗಳು ಹೇಗೆ ನಡೆದವು ಎಂದು ಮಾತು ಬಂತು. ಸಹೋದ್ಯೋಗಿ ಅಷ್ಟರಲ್ಲಿ ಬೇರೆ ಮಕ್ಕಳನ್ನೂ ಮಾತಾಡಿಸಿದ್ದಳು. ಹೆಸರಿಲ್ಲದೆ, ಊರಿನ ಯಾವ ಭಾಗದ್ದೆಂದೂ ಹೇಳದೆ, ನನ್ನ ಪ್ರಶ್ನೆಗೆ ಬಂದ ಒಂದು ಉತ್ತರವನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ಒಬ್ಬ ಹುಡುಗಿ ಹೇಳಿದ್ದಂತೆ: ಅಮ್ಮನಿಗೆ ಹೇಳಬಹುದು, ಆದರೆ ಹೇಳಿದ ಮೇಲೆ ಅದು ಅಮ್ಮನದಾಗುತ್ತದೆ. ಸಂಜೆಯೊಳಗೆ ಫೋನಿನಲ್ಲಿ ಅಜ್ಜಿಗೆ ಹೋಗುತ್ತದೆ. ಅಜ್ಜಿ ತಿರುಗಿ ನನಗೇ ಹೇಳುವಾಗ ಅದು ನನಗೆ ನಡೆದ ವಿಷಯದ ಹಾಗೇ ಇರುವುದಿಲ್ಲ.

ಪೆನಾಂಗಿನವನು, ಇದು ನನ್ನ ಅಮ್ಮನೇ ಎಂದ. ಕೊಲಂಬೊದವಳು, ನನ್ನ ಅತ್ತೆ ಎಂದಳು. ನಾನು ಮೈಕ್ ಆರಿಸಿ, ಪರದೆಯ ಮೇಲಿನ ಸಹೋದ್ಯೋಗಿಯ ಮುಖವನ್ನೇ ನೋಡಿದೆ. ನಮ್ಮಿಬ್ಬರ ಮೇಜುಗಳ ನಡುವೆ ಒಂದು ಫ್ಯಾನಿನಷ್ಟು ಅಂತರ, ಆದರೂ ಪಕ್ಕಕ್ಕೆ ತಿರುಗುವ ಧೈರ್ಯವಾಗಲಿಲ್ಲ.

ನನ್ನ ಮಗಳ ಮಾತನ್ನು ನನ್ನೆದುರೇ ಹೇಳುವಷ್ಟು ಅಜಾಗರೂಕಳಲ್ಲ ಅವಳು. ಹಾಗಾದರೆ ಇದು ಬೇರೆಯವರ ಮಗಳು. ಈ ಚೆನ್ನೈನಲ್ಲಿ ಸಂಜೆ ಅಜ್ಜಿಗೆ ಫೋನ್ ಮಾಡದ ಅಮ್ಮ ಯಾರಿದ್ದಾರೆ? ಹಾಗೆಂದು ಸಮಾಧಾನ ಮಾಡಿಕೊಳ್ಳುತ್ತಿರುವಾಗಲೇ ಇನ್ನೊಂದು ಕಿಚ್ಚು ಹತ್ತಿತು. ಬೇರೆಯವರ ಮಗಳಾದರೆ, ಆ ಅಮ್ಮನ ಬಗ್ಗೆ ಅಷ್ಟು ಯೋಚಿಸಿರುವ ಮಗಳು ಆ ಅಮ್ಮನಿಗಿದ್ದಾಳೆ. ನನ್ನವಳು ಏನಂದಳೋ. ಒಣ್ಣುಮಿಲ್ಲ ಎಂದಿದ್ದರೂ ಎಂದಿರಬಹುದು. ದೂರಿನ ರೂಪದಲ್ಲಾದರೂ ಅವಳ ಉತ್ತರದಲ್ಲಿ ನಾನು ಇರಬೇಕಿತ್ತು. ಬೇಡವೆಂದುಕೊಳ್ಳುತ್ತಲೇ ಆ ದೂರು ನನ್ನದೇ ಆಗಲಿ ಎಂದು ಬಯಸಿದೆ.

ನವರಾತ್ರಿಯಲ್ಲಿ ಬೊಂಬೆ ನೋಡಲು ಸಹೋದ್ಯೋಗಿಯನ್ನು ಕರೆಯಬಾರದೆಂದುಕೊಂಡಿದ್ದೆ. ಕರೆದೆ. ಕರೆಯದಿದ್ದರೆ ಮಗಳು ಕಾರಣ ಕೇಳುತ್ತಿದ್ದಳು. ಆಫೀಸಿನಿಂದ ನೇರ ಬಂದಳು, ಮಲ್ಲಿಗೆ ಮುಡಿದು. ಕುಂಕುಮ ಕೊಟ್ಟೆ, ಕಡಲೆ ಉಸಳಿ ಕೊಟ್ಟೆ. ಮೈಸೂರಿನಿಂದ ತಂದ ಪಟ್ಟದ ಬೊಂಬೆಗಳನ್ನು ತೋರಿಸುತ್ತಿದ್ದೆ. ಮಗಳು ಸೋಫಾದ ತುದಿಯಲ್ಲಿ ಕಾಲು ಕುಣಿಸುತ್ತ ಕೂತಿದ್ದಳು. ಸ್ಕೂಲಿನಿಂದ ಬಂದಾಗಿನಿಂದ ಏನೋ ತುಂಬಿಕೊಂಡವಳ ಹಾಗಿದ್ದಳು. ನಾನು ಕೇಳಿದ್ದೆ, ಉತ್ತರವೂ ಎಂದಿನದೇ ಆಗಿತ್ತು.

"ಅಮ್ಮಾ" ಎಂದಳು. "ಅಕ್ಕಂಗೆ ಕಾಫಿ ಮಾಡ್ಕೊಂಡ್ ಬರ್ಬಾರ್ದಾ?"

ಕನ್ನಡದಲ್ಲಿ, ನನ್ನ ಅಮ್ಮನ ರಾಗದಲ್ಲೇ. ಎಷ್ಟು ಕಾಲದ ಮೇಲೆ ನನಗೆ ಸಿಕ್ಕ ಪೂರ್ತಿ ವಾಕ್ಯ ಅದು, ನನ್ನನ್ನು ಎಬ್ಬಿಸಿ ಕಳಿಸಲು.

ಸಹೋದ್ಯೋಗಿ ಥಟ್ಟನೆ ಬೊಂಬೆಗಳ ಕಡೆ ತಿರುಗಿದಳು. ಅವಳ ಕಿವಿ ಕೆಂಪಾದದ್ದು ಕಂಡೆ. ಅಥವಾ ಅದು ಬೊಂಬೆಗಳಿಗೆ ಹಾಕಿದ ಸೀರಿಯಲ್ ಸೆಟ್ಟಿನ ಬೆಳಕೋ.

"ಮಾಡ್ತೀನಿ. ಸ್ವಲ್ಪ ಹೊತ್ತಾಗುತ್ತೆ" ಎಂದೆ.

ಈ ಸಲ ಡಿಕಾಕ್ಷನ್ ಇತ್ತು. ಸಂಜೆ ಬಂದುಹೋಗುವವರಿಗೆಂದೇ ಹಾಕಿಟ್ಟದ್ದು, ಗಟ್ಟಿಯಾಗಿ, ಪಾತ್ರೆಯ ಕಂಠದವರೆಗೆ. ಅದನ್ನು ಪಕ್ಕಕ್ಕೆ ಸರಿಸಿದೆ. ಇನ್ನೊಂದು ಫಿಲ್ಟರ್ ತೆಗೆದು, ಪುಡಿ ಹಾಕಿ ಒತ್ತಿ, ನೀರು ಕುದಿಯುವುದನ್ನು ಕಾದು, ಹೊಯ್ದೆ. ಮುಂದಿನ ಕೋಣೆಯಲ್ಲಿ ಮಾತು ಶುರುವಾಗಿತ್ತು. ಮೊದಲು ನಿಧಾನ, ಆಮೇಲೆ ವೇಗ. ಬಾಗಿಲ ಹತ್ತಿರ ಹೋದರೆ ಕೇಳಿಸುತ್ತಿತ್ತು. ಹೋಗದಿರಲು ಕಲ್ಲಿನ ಕಟ್ಟೆ ಹಿಡಿದುಕೊಂಡೆ.

ಫೋನ್ ಬಂತು. ಮೈಸೂರಿನ ಅಮ್ಮ.

"ಏನ್ ಮಾಡ್ತಿದೀಯೇ?"

"ಕಾಫಿ."

"ಈ ಹೊತ್ನಲ್ಲಾ? ಯಾರ್ ಬಂದಿದಾರೆ? ಮಗು ಏನಂತಾಳೆ?"

"ಏನೂ ಇಲ್ಲಮ್ಮ" ಎಂದೆ.

"ಏನೂ ಇಲ್ಲ ಅಂದ್ರೆ?"

"ಏನೂ ಇಲ್ಲ ಅಂದ್ರೆ ಏನೂ ಇಲ್ಲ. ಆಮೇಲೆ ಮಾಡ್ತೀನಿ."

ಅಮ್ಮನಿಗೆ ಅಸಮಾಧಾನವಾಯಿತು. ಫೋನ್ ಇಟ್ಟ ರೀತಿಯಲ್ಲೇ ತಿಳಿಯಿತು. ಮುಂದಿನ ಕೋಣೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕರು. ನಗುವಿನ ಕೊನೆ ಮಗಳದು, ಮೂಗಿನಿಂದ ಬರುವಂಥದು, ಅದು ಈಗಲೂ ಹಾಗೇ ಇದೆ ಎಂಬುದು ನನಗೆ ಗೊತ್ತಿರಲಿಲ್ಲ. ಚಮಚ ಕೈಗೆ ತೆಗೆದುಕೊಂಡೆ. ತಟ್ಟಿದರೆ ಬೇಗ ಇಳಿಯುತ್ತದೆ. ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡೇ ಚಮಚವನ್ನು ಮತ್ತೆ ಕಟ್ಟೆಯ ಮೇಲಿಟ್ಟು, ಮೊದಲ ತೊಟ್ಟು ಬೀಳುವುದನ್ನು ಕಾಯತೊಡಗಿದೆ.